ನೂರಕ್ಕೆ ನಾಲ್ಕೂವರೆ ಪಾಲಿನ ಕರೆಂಟ್‌ಗೆ ಟ್ರಾಂಬೆಯ ಗ್ಯಾಸ್ ಘಟಕ ಬೇಕಾ?

ಪ್ರಶ್ನೆ: ಸರ್, ಚೆಂಬೂರಿನಲ್ಲಿ ನಮ್ಮದೊಂದು ಉಡುಪಿ ಹೋಟೆಲ್ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಬಿಲ್ಡಿಂಗಿನ ಟೆರೇಸಿಗೆ ಹೋದರೆ ಟ್ರಾಂಬೆಯ ಚಿಮಣಿಗಳು ಕಾಣುತ್ತವೆ. ಅಲ್ಲಿ ಕಲ್ಲಿದ್ದಲಿನ ಜೊತೆ 180 ಮೆಗಾವಾಟಿನ ಒಂದು ಗ್ಯಾಸ್ ಘಟಕವೂ ಇದೆಯಂತೆ. ಮುಂಬೈಗೆ ಬೇಸಿಗೆಯಲ್ಲಿ 4,000 ಮೆಗಾವಾಟ್ ಬೇಕಂತೆ. ಅಂದರೆ ನೂರಕ್ಕೆ ನಾಲ್ಕೂವರೆ. ಇಷ್ಟಕ್ಕೋಸ್ಕರ ದುಬಾರಿ ಗ್ಯಾಸ್ ಸುಟ್ಟು, ಅದರ ಖರ್ಚನ್ನು ನಮ್ಮ ಬಿಲ್ಲಿಗೆ ಯಾಕೆ ಹಾಕಬೇಕು? ಅದೇ ಗ್ಯಾಸನ್ನು ಪೈಪಿನಲ್ಲಿ ನಮ್ಮ ಅಡುಗೆಮನೆಗೆ ಕೊಟ್ಟರೆ ನಮಗೂ ಅಗ್ಗ ಆಗಲ್ವಾ? 2020ರ ಅಕ್ಟೋಬರಿನಲ್ಲಿ ಇಡೀ ಮುಂಬೈಗೆ ಕರೆಂಟ್ ಹೋದಾಗ ಈ ಘಟಕ ಇದ್ದೂ ಏನು ಪ್ರಯೋಜನ ಆಯಿತು? ಹೋದ ತಿಂಗಳು ನಮ್ಮಲ್ಲಿ ಮೂರು ಸಲ ಕರೆಂಟ್ ಹೋಯಿತು. ಒಂದು ಸಲ ಮಧ್ಯಾಹ್ನ ಮೂರು ಗಂಟೆಗೆ, ಹಿಟ್ಟು ರುಬ್ಬುವ ಹೊತ್ತಿಗೇ. ಸೊಸೈಟಿ ಮೀಟಿಂಗಿನಲ್ಲಿ ಕೆಲವರು ಅದನ್ನು ಮುಚ್ಚಿಸಿ ಎಲ್ಲ ಕಡೆ ಸೋಲಾರ್ ಹಾಕಬೇಕು ಅನ್ನುತ್ತಾರೆ. ಇನ್ನು ಕೆಲವರಿಗೆ ಗ್ಯಾಸ್ ಅಂದರೆ ಸ್ಫೋಟದ ಭಯ. ಇದರಲ್ಲಿ ನಿಜ ಯಾವುದು? ನಾನು ಜನರೇಟರ್ ಕೊಳ್ಳಬೇಕಾ? ಹೆಸರು ಹಾಕಬೇಡಿ.

ಉತ್ತರ: ಶೆಟ್ರೇ, (ಹೆಸರು ಬೇಡ ಅಂದಿದ್ದೀರಿ. ಮುಂಬೈಯಲ್ಲಿ ಉಡುಪಿ ಹೋಟೆಲಿನವರನ್ನು ಹೀಗೆ ಕರೆದರೆ ಹೆಚ್ಚಾಗಿ ಸರಿಯೇ ಇರುತ್ತದೆ. ತಪ್ಪಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.)

ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಲ್ ಯಾಕೆ ಜಾಸ್ತಿ, ಕರೆಂಟ್ ಯಾಕೆ ಹೋಗುತ್ತದೆ, ಆ ಘಟಕ ಬೇಕಾ ಬೇಡವಾ, ಜನರೇಟರ್ ಕೊಳ್ಳಬೇಕಾ. ಇವನ್ನು ಬೇರೆ ಬೇರೆ ಮಾಡಿ ನೋಡಿದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ನಾನು ಕೆಲಸ ಮಾಡಿದ್ದು ಕಂಟ್ರೋಲ್ ರೂಮಿನಲ್ಲಿ. ಎಲ್ಲಿ ಎಷ್ಟು ಲೋಡ್ ಇದೆ, ಯಾವ ಯಂತ್ರ ಎಷ್ಟು ಕೊಡುತ್ತಿದೆ, ಯಾವ ಲೈನ್ ಎಷ್ಟು ತುಂಬಿದೆ ಅಂತ ನೋಡುತ್ತಾ ಕೂರುವ ಕೆಲಸ. ಅಲ್ಲಿ ಕೂತವನಿಗೆ ಕಾಣುವುದನ್ನೇ ಹೇಳುತ್ತೇನೆ.

ಮೊದಲು ಸುಲಭದ್ದು. ಹೋದ ತಿಂಗಳು ಮೂರು ಸಲ ಕರೆಂಟ್ ಹೋದದ್ದಕ್ಕೂ ಟ್ರಾಂಬೆಯ ಗ್ಯಾಸ್ ಘಟಕಕ್ಕೂ ಬಹುಶಃ ಯಾವ ಸಂಬಂಧವೂ ಇಲ್ಲ. ಆ ಹೊತ್ತಿನಲ್ಲಿ ಎದುರಿನ ರಸ್ತೆಯ ಅಂಗಡಿಯಲ್ಲಿ ಲೈಟ್ ಇತ್ತಾ? ಇತ್ತು ಅಂದರೆ ನಗರಕ್ಕೆ ಕರೆಂಟ್ ಕಮ್ಮಿ ಬಿದ್ದಿಲ್ಲ. ನಿಮ್ಮ ಗಲ್ಲಿಗೆ ಬರುವ ಕೇಬಲ್, ಅದರ ಜಾಯಿಂಟ್, ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿದೆ. ಮುಂಬೈಯಲ್ಲಿ ಕೇಬಲ್ ನೆಲದಡಿ ಓಡುತ್ತದೆ. ರಸ್ತೆ ಅಗೆಯುವವರ ಹಾರೆ ತಾಗಿದರೆ ಆ ದಿನವೇ ಹೋಗಬೇಕು ಅಂತೇನಿಲ್ಲ. ಗಾಯ ಆದ ಜಾಗದಲ್ಲಿ ನೀರು ಇಳಿದು, ಎಷ್ಟೋ ದಿನ ಆದ ಮೇಲೆ, ಲೋಡ್ ಜಾಸ್ತಿ ಆದ ಒಂದು ಮಧ್ಯಾಹ್ನ ಸಿಡಿಯುತ್ತದೆ. ಮೂರು ಗಂಟೆ ಅಂದಿದ್ದೀರಿ. ಬೇಸಿಗೆಯಲ್ಲಿ ಆಫೀಸಿನ ಎಸಿ, ಅಂಗಡಿಯ ಎಸಿ ಎಲ್ಲ ಒಟ್ಟಿಗೆ ಓಡುವ ಹೊತ್ತು ಅದು. ಕೇಬಲ್ ಬಿಸಿಯಾಗುವುದೂ ಆಗಲೇ. ಟ್ರಾಂಬೆಯಲ್ಲಿ ಇನ್ನೂ ಹತ್ತು ಘಟಕ ಕಟ್ಟಿದರೂ ಈ ತೊಂದರೆ ತಪ್ಪಲ್ಲ. ದೂರು ಕೊಡುವಾಗ ಮೂರೂ ಸಲದ ತಾರೀಖು, ಹೋದ ಹೊತ್ತು, ಬಂದ ಹೊತ್ತು ಬರೆದು ಕೊಡಿ. ಮೂರೂ ಒಂದೇ ಫೀಡರಿನ (ನಿಮ್ಮ ಕಡೆಗೆ ಕರೆಂಟ್ ತರುವ ಮುಖ್ಯ ಕೇಬಲ್) ಒಂದೇ ಜಾಗದ ತೊಂದರೆ ಅಂತ ಗೊತ್ತಾದರೆ ಅವರಿಗೂ ಕೇಬಲ್ ಬದಲಿಸಲು ಕಾರಣ ಸಿಗುತ್ತದೆ. ಸುಮ್ನೆ ‘ಪದೇ ಪದೇ ಹೋಗ್ತಿದೆ’ ಅಂದರೆ ಕಡತದಲ್ಲಿ ಕೂರುತ್ತದೆ.

ಬಿಲ್ಲಿನ ವಿಷಯ. ಬಿಲ್ ಯಾರ ಹೆಸರಲ್ಲಿ ಬರುತ್ತದೆ ನೋಡಿ. ಚೆಂಬೂರಿನಲ್ಲಿ ಅದಾನಿಯವರ ಗ್ರಾಹಕರೂ ಇದ್ದಾರೆ, ಟಾಟಾ ಪವರ್ ಗ್ರಾಹಕರೂ ಇದ್ದಾರೆ. ಟ್ರಾಂಬೆಯ ಘಟಕಗಳು ಟಾಟಾ ಪವರ್‌ನವು, ಅವುಗಳ ಕರೆಂಟ್ ಒಪ್ಪಂದದ ಪ್ರಕಾರ ಹೋಗುವುದು ದಕ್ಷಿಣ ಮುಂಬೈಗೆ ಕರೆಂಟ್ ಹಂಚುವ ಬೆಸ್ಟ್ ಸಂಸ್ಥೆಗೆ ಮತ್ತು ಟಾಟಾದ ಸ್ವಂತ ವಿತರಣೆಗೆ. ಅದಾನಿಯವರ ಕಡೆ ಡಹಾಣುವಿನ 500 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಇದೆ. ಹಾಗಾಗಿ ನಿಮ್ಮದು ಅದಾನಿ ಬಿಲ್ ಆಗಿದ್ದರೆ, ಟ್ರಾಂಬೆ ಗ್ಯಾಸಿನ ಖರ್ಚು ನೇರವಾಗಿ ನಿಮ್ಮ ತಲೆಗೆ ಬರುತ್ತಿಲ್ಲ. ಟಾಟಾ ಬಿಲ್ ಆಗಿದ್ದರೆ ಬರುತ್ತದೆ. ಇಂಧನದ ಬೆಲೆ ಏರಿಳಿದಾಗ ‘ಎಫ್‌ಎಸಿ’ ಅನ್ನುವ ಸಾಲಿನಲ್ಲಿ ಕಾಣುತ್ತದೆ. ಆದರೆ ಆ ಸಾಲಿನಲ್ಲಿ ಗ್ಯಾಸ್ ಮಾತ್ರ ಅಲ್ಲ, ಟ್ರಾಂಬೆಗೆ ಹಡಗಿನಲ್ಲಿ ಬರುವ ಕಲ್ಲಿದ್ದಲು, ಹೊರಗಿಂದ ಕೊಂಡ ಕರೆಂಟ್ ಎಲ್ಲವೂ ಇರುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ನಿಮ್ಮ ಭಾಗಾಕಾರ ಸರಿಯಾಗಿದೆ. 4,000ಕ್ಕೆ 180 ಅಂದರೆ ನೂರಕ್ಕೆ ನಾಲ್ಕೂವರೆಯೇ. ಆದರೆ ಆ ಲೆಕ್ಕದಲ್ಲಿ ಎರಡು ವಿಷಯ ಬಿಟ್ಟುಹೋಗಿವೆ. ಆ ಕರೆಂಟ್ ಎಲ್ಲಿ ಹುಟ್ಟುತ್ತದೆ, ಯಾವ ಹೊತ್ತಿನಲ್ಲಿ ಹುಟ್ಟುತ್ತದೆ.

ಮುಂಬೈಯ ಒಳಗೆ ಅಥವಾ ಮುಂಬೈಗೆ ಅಂತಲೇ ಇರುವ ಉತ್ಪಾದನೆ ಹೀಗಿದೆ. ಟ್ರಾಂಬೆಯಲ್ಲಿ ಕಲ್ಲಿದ್ದಲಿನ 500 ಮತ್ತು 250, ಗ್ಯಾಸಿನ 180, ಒಟ್ಟು 930 ಮೆಗಾವಾಟ್. ಘಟ್ಟದ ಬುಡದಲ್ಲಿ ಖೊಪೋಲಿ, ಭಿವಪುರಿ, ಭಿರಾ ಜಲವಿದ್ಯುತ್ ಸ್ಥಾವರಗಳು ಸೇರಿ 447. ಡಹಾಣು 500. ಎಲ್ಲ ಕೂಡಿದರೆ 1,877. ಇದೂ ಎಲ್ಲ ಯಂತ್ರಗಳೂ ಆರೋಗ್ಯವಾಗಿದ್ದು, ಕೆರೆಗಳಲ್ಲಿ ನೀರಿದ್ದರೆ. ಖೊಪೋಲಿ 1915ರಿಂದ ಈ ಊರಿಗೆ ಕರೆಂಟ್ ಕೊಡುತ್ತಿದೆ, ಆದರೆ ಅದರ ನೀರು ಮುಂದಿನ ಮಳೆಗಾಲದವರೆಗೆ ಬರಬೇಕು. ಬೇಕಾದ ಹಾಗೆ ಬಿಟ್ಟು ಖಾಲಿ ಮಾಡುವ ಹಾಗಿಲ್ಲ. ಉಳಿದ 2,000ಕ್ಕೂ ಹೆಚ್ಚು ಮೆಗಾವಾಟ್ ಹೊರಗಿನಿಂದ ಲೈನಿನಲ್ಲಿ ಬರಬೇಕು. ಮುಂಬೈಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಖಾಡಿ. ಹೊಸ ಟವರ್ ನಿಲ್ಲಿಸಲು ಜಾಗ ಇಲ್ಲ. ಇದ್ದ ಕಡೆ ಮ್ಯಾಂಗ್ರೋವ್ ಕಾಡು, ಇಲ್ಲವೇ ಮನೆಗಳು. ಖಾರ್‌ಘರ್‌ನಿಂದ ವಿಕ್ರೋಳಿಗೆ 400 ಕೆವಿ (ನಾಲ್ಕು ಲಕ್ಷ ವೋಲ್ಟ್) ಲೈನ್ ಬೇಕು ಅನ್ನುವ ಮಾತು ವರ್ಷಗಟ್ಟಲೆ ನಡೆದು, ಕೊನೆಗೆ ಅದು ಚಾಲೂ ಆದದ್ದು 2023ರ ಅಕ್ಟೋಬರಿನಲ್ಲಿ.

ಲೈನ್ ತುಂಬಿದಾಗ ಏನಾಗುತ್ತದೆ ಅಂದರೆ, ರಾಜಸ್ಥಾನದಲ್ಲಿ ಎರಡೂವರೆ ರೂಪಾಯಿಗೆ ಸೋಲಾರ್ ಕರೆಂಟ್ ಬೇಕಾದಷ್ಟು ಇದ್ದರೂ ನಿಮ್ಮ ಹೋಟೆಲಿನ ತನಕ ಬರಲು ದಾರಿ ಇರುವುದಿಲ್ಲ. ಆಗ ಟ್ರಾಂಬೆಯ 180ಕ್ಕೆ ನೂರಕ್ಕೆ ನಾಲ್ಕೂವರೆಯ ಬೆಲೆ ಅಲ್ಲ, ಕೊರತೆ ಬಿದ್ದ ಕೊನೆಯ 180ರ ಬೆಲೆ. ಮೇ ತಿಂಗಳ ಸೆಖೆಯಲ್ಲಿ ಪಕ್ಕದ 500ರ ಘಟಕ ಇದ್ದಕ್ಕಿದ್ದಂತೆ ಟ್ರಿಪ್ ಆಯಿತು ಅನ್ನಿ. ಕಂಟ್ರೋಲ್ ರೂಮಿನಲ್ಲಿ ಕೂತವನು ಮೊದಲು ಹುಡುಕುವುದು ಊರೊಳಗೆ ಇನ್ನೇನು ಮಿಕ್ಕಿದೆ ಅಂತ.

ಇನ್ನೊಂದು ವಿಷಯ ವೋಲ್ಟೇಜಿನದ್ದು. ನಿಮ್ಮ ಗ್ರೈಂಡರಿನಲ್ಲೇ ನೋಡಬಹುದು. ಕೆಲವು ದಿನ ಮಧ್ಯಾಹ್ನ ಕಲ್ಲು ತಿರುಗುವ ಸದ್ದು ಬದಲಾಗುತ್ತದೆ. ಮೋಟಾರ್ ಗುಂಯ್ ಅನ್ನುತ್ತದೆ, ಮೈ ಮುಟ್ಟಿದರೆ ಸುಡುತ್ತದೆ. ವೋಲ್ಟೇಜ್ ಇಳಿದಾಗ ಮೋಟಾರ್ ಅದೇ ಕೆಲಸಕ್ಕೆ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದಕ್ಕೇ ಬಿಸಿ. ಲಕ್ಷಾಂತರ ಎಸಿ, ಪಂಪು, ಲಿಫ್ಟುಗಳ ಮೋಟಾರುಗಳಿಗೆ ಯೂನಿಟ್ ಲೆಕ್ಕದ ಕರೆಂಟ್ ಜೊತೆಗೆ ‘ರಿಯಾಕ್ಟಿವ್ ಪವರ್’ ಅನ್ನುವುದೂ ಬೇಕು. ಮೀಟರಿನ ಯೂನಿಟ್ಟಿನಲ್ಲಿ ಅದು ಕಾಣುವುದಿಲ್ಲ, ಆದರೆ ಅದು ಸಾಲದೇ ಹೋದರೆ ವೋಲ್ಟೇಜ್ ಕುಸಿಯುತ್ತದೆ. ಇದನ್ನು ನೂರಾರು ಕಿಲೋಮೀಟರ್ ದೂರದಿಂದ ತರಲು ಆಗಲ್ಲ, ದಾರಿಯಲ್ಲೇ ಖರ್ಚಾಗುತ್ತದೆ. ಹತ್ತಿರದಲ್ಲೇ ತಿರುಗುವ ದೊಡ್ಡ ಜನರೇಟರ್ ಅಥವಾ ಕೆಪಾಸಿಟರ್‌ಗಳಂಥ ಸಲಕರಣೆ ಬೇಕು. ಊರ ಅಂಚಿನಲ್ಲಿ ಒಂದು ಯಂತ್ರ ತಿರುಗುತ್ತಾ ಇರಲಿ ಅಂತ ಎಂಜಿನಿಯರುಗಳು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಹಾಗಂತ ಗ್ಯಾಸ್ ಘಟಕವನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನ್ನದಲ್ಲ. ಅದರ ಬಗ್ಗೆ ಇರುವ ಒಳ್ಳೆಯ ಮಾತುಗಳಲ್ಲೂ ಅರ್ಧ ಉತ್ಪ್ರೇಕ್ಷೆ.

‘ಸ್ವಿಚ್ ಹಾಕಿದ ಹಾಗೆ ಶುರುವಾಗುತ್ತದೆ’ ಅನ್ನುವುದು ಅಂಥದ್ದೊಂದು. ಈ ಘಟಕದಲ್ಲಿ ಎರಡು ಯಂತ್ರಗಳಿವೆ. ಒಂದು ಗ್ಯಾಸ್ ಟರ್ಬೈನ್, ಸುಮಾರು 120 ಮೆಗಾವಾಟ್. ಗಾಳಿಯನ್ನು ಒತ್ತಿ, ಅದರಲ್ಲಿ ಗ್ಯಾಸ್ ಉರಿಸಿ, ಆ ಬಿಸಿ ಗಾಳಿಯ ಹೊಡೆತಕ್ಕೆ ಚಕ್ರ ತಿರುಗುತ್ತದೆ. ಹೊರಗೆ ಬರುವ ಹೊಗೆ ಇನ್ನೂ 500 ಡಿಗ್ರಿಗಿಂತ ಬಿಸಿ ಇರುತ್ತದೆ. ಅದನ್ನು ಬಾಯ್ಲರಿಗೆ ಕೊಟ್ಟು ಹಬೆ ಮಾಡಿ ಇನ್ನೊಂದು ಟರ್ಬೈನ್ ತಿರುಗಿಸುತ್ತಾರೆ. ಅದು 60 ಮೆಗಾವಾಟ್, ಅದಕ್ಕೆ ಬೇರೆ ಗ್ಯಾಸ್ ಬೇಡ. ಗ್ಯಾಸ್ ಟರ್ಬೈನ್ ಬೇಗ ಏಳುತ್ತದೆ, ಅರ್ಧ ಗಂಟೆಯ ಲೆಕ್ಕ. ಆದರೆ ಬಾಯ್ಲರು, ಹಬೆಯ ಪೈಪು ದಪ್ಪ ಉಕ್ಕು. ನಿಧಾನವಾಗಿ ಕಾಯಿಸದಿದ್ದರೆ ಬಿರುಕು ಬಿಡುತ್ತದೆ. ತಣ್ಣಗಾಗಿದ್ದ ಘಟಕ ಪೂರ್ತಿ 180ಕ್ಕೆ ಬರಲು ಕೆಲವು ಗಂಟೆ ಬೇಕು. ಕಲ್ಲಿದ್ದಲಿಗೆ ಹೋಲಿಸಿದರೆ ಇದು ಬೇಗ, ಭಿರಾದ ನೀರಿನ ಯಂತ್ರಕ್ಕೆ ಹೋಲಿಸಿದರೆ ನಿಧಾನ. ಮೇಲಾಗಿ ಪ್ರತಿ ಸಲ ನಿಲ್ಲಿಸಿ ಶುರು ಮಾಡಿದಾಗಲೂ ಒಳಗಿನ ಬ್ಲೇಡುಗಳ ಆಯಸ್ಸು ಕಡಿಮೆಯಾಗುತ್ತದೆ. ‘ಬೇಕಾದಾಗ ಮಾತ್ರ ಓಡಿಸಿ’ ಅನ್ನುವುದು ಕೇಳಲು ಚೆಂದ, ರಿಪೇರಿ ಖರ್ಚಿನ ಪಟ್ಟಿ ನೋಡಿದವರು ಹಾಗೆ ಅನ್ನಲ್ಲ.

ಇನ್ನೊಂದು ತಮಾಷೆ. ಗ್ಯಾಸ್ ಟರ್ಬೈನಿಗೆ ಸೆಖೆ ಆಗಲ್ಲ. ಬಿಸಿ ಗಾಳಿ ತೆಳು, ಹಾಗಾಗಿ ಒಳಗೆ ಹೋಗುವ ಗಾಳಿಯ ತೂಕವೇ ಕಮ್ಮಿ. ಇವುಗಳ ಹೆಸರಿನ ಸಾಮರ್ಥ್ಯವನ್ನು 15 ಡಿಗ್ರಿ ಹವೆಗೆ ಲೆಕ್ಕ ಹಾಕುವುದು ರೂಢಿ. ಅದಕ್ಕಿಂತ ಹವೆ ಬಿಸಿಯಾದ ಹಾಗೆ ಡಿಗ್ರಿಗೆ ಶೇಕಡ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉತ್ಪಾದನೆ ಇಳಿಯುತ್ತದೆ. ಮುಂಬೈಗೆ ಅತಿ ಹೆಚ್ಚು ಕರೆಂಟ್ ಬೇಕಾದ ದಿನವೇ ಇದು ಸ್ವಲ್ಪ ಸೋತಿರುತ್ತದೆ.

2020ರ ಕಥೆಗೆ ಬರುತ್ತೇನೆ, ಯಾಕೆಂದರೆ ಅದರಲ್ಲಿ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅಕ್ಟೋಬರ್ 12, ಸೋಮವಾರ, ಬೆಳಿಗ್ಗೆ ಹತ್ತರ ಸುಮಾರು. ಮುಂಬೈ ಹೊರಗಿನ ಕಳವಾ, ಪಡಘೆ, ಖಾರ್‌ಘರ್ ಕಡೆಯ 400 ಕೆವಿ ಲೈನುಗಳು ಒಂದಾದ ಮೇಲೊಂದು ಹೋದವು. ಹೀಗೆ ಆದರೆ ಏನು ಮಾಡಬೇಕು ಅಂತ ಮುಂಬೈಗೆ 1980ರ ದಶಕದಿಂದಲೂ ಒಂದು ವ್ಯವಸ್ಥೆ ಇದೆ, ಅದನ್ನು ಐಲ್ಯಾಂಡಿಂಗ್ ಅನ್ನುತ್ತಾರೆ. ಹೊರಗಿನ ಗ್ರಿಡ್ ಬೀಳುತ್ತಿದೆ ಅಂತ ಗೊತ್ತಾದ ತಕ್ಷಣ ಮುಂಬೈ ತನ್ನ ಸಂಪರ್ಕ ಕಡಿದುಕೊಂಡು, ಒಳಗಿನ ಉತ್ಪಾದನೆಯ ಮೇಲೆ ಪ್ರತ್ಯೇಕವಾಗಿ ನಿಲ್ಲಬೇಕು. ಹಲವು ಸಲ ನಿಂತಿದೆ ಕೂಡ. ಆ ದಿನ ನಿಲ್ಲಲಿಲ್ಲ. ಲೋಕಲ್ ಟ್ರೇನುಗಳು ಹಳಿಯ ಮೇಲೆ ನಿಂತವು. ಕೊವಿಡ್ ಕಾಲ, ಆಸ್ಪತ್ರೆಗಳು ಜನರೇಟರ್ ಮೇಲೆ ಓಡಿದವು.

ಯಾಕೆ ನಿಲ್ಲಲಿಲ್ಲ ಅನ್ನುವುದರ ಹಿಂದೆ ಸರಳ ಲೆಕ್ಕ ಇದೆ. ಒಂದು ಉದಾಹರಣೆ ಹೇಳುತ್ತೇನೆ, ಅಂಕಿಗಳು ಬರೀ ಅರ್ಥ ಮಾಡಿಸಲು. ಆ ಗಳಿಗೆಯಲ್ಲಿ ಊರಿಗೆ 2,500 ಬೇಕು, ಒಳಗೆ ತಿರುಗುತ್ತಿರುವುದು 1,000 ಅನ್ನಿ. ಸಂಪರ್ಕ ಕಡಿದ ಕೂಡಲೇ 1,500ರಷ್ಟು ಲೋಡನ್ನು ಕಣ್ಣು ಮಿಟುಕಿಸುವುದರೊಳಗೆ ಕತ್ತರಿಸಬೇಕು. ಅದಕ್ಕೆ ರಿಲೇಗಳಿವೆ, ಅಂದರೆ ತಾವಾಗಿಯೇ ಲೈನ್ ಕಡಿಯುವ ಸಲಕರಣೆ. ಸಾಕಷ್ಟು ಕತ್ತರಿಸಲಿಲ್ಲ ಅಂದರೆ ಯಂತ್ರಗಳ ವೇಗ ತಗ್ಗಿ ಫ್ರೀಕ್ವೆನ್ಸಿ (ಸೆಕೆಂಡಿಗೆ ಕರೆಂಟಿನ ಆವರ್ತನೆಗಳ ಸಂಖ್ಯೆ) 50ರಿಂದ ಜಾರುತ್ತಾ ಹೋಗುತ್ತದೆ. ಒಂದು ಮಟ್ಟಕ್ಕಿಂತ ಇಳಿದರೆ ಟರ್ಬೈನ್ ಬ್ಲೇಡು ಉಳಿಸಿಕೊಳ್ಳಲು ಯಂತ್ರಗಳು ತಾವೇ ಆಫ್ ಆಗುತ್ತವೆ. ಒಂದು ಹೋದರೆ ಉಳಿದವುಗಳ ಮೇಲೆ ಭಾರ ಜಾಸ್ತಿ, ಅವೂ ಹೋಗುತ್ತವೆ. ಇಲ್ಲಿ ಗ್ಯಾಸ್ ಟರ್ಬೈನಿಗೆ ಇನ್ನೊಂದು ದುರ್ಗುಣ ಇದೆ. ಗಾಳಿ ಒತ್ತುವ ಕಂಪ್ರೆಸರ್ ಇರುವುದೂ ಅದೇ ಶಾಫ್ಟಿನ ಮೇಲೆ. ಫ್ರೀಕ್ವೆನ್ಸಿ ಇಳಿದರೆ ಕಂಪ್ರೆಸರ್ ನಿಧಾನ, ಗಾಳಿ ಕಮ್ಮಿ, ಬಲ ಕಮ್ಮಿ. ಜಾಸ್ತಿ ಕೊಡಬೇಕಾದ ಹೊತ್ತಿಗೆ ಅದಕ್ಕೆ ಕೊಡಲು ಆಗಲ್ಲ.

ಇದರಿಂದ ಎರಡು ಪಾಠ. ‘ಘಟಕ ಇದೆ’ ಅಂದರೆ ಸಾಲದು, ಆ ಗಳಿಗೆಯಲ್ಲಿ ತಿರುಗುತ್ತಿರಬೇಕು. ತಣ್ಣಗೆ ನಿಂತ ಘಟಕ ಐಲ್ಯಾಂಡಿಂಗಿಗೆ ಲೆಕ್ಕಕ್ಕಿಲ್ಲ. ಎರಡನೆಯದು, ಕತ್ತಲಾದ ಮೇಲೆ ಮೊದಲು ಕರೆಂಟ್ ಕೊಡುವುದು ಗ್ಯಾಸ್ ಅಲ್ಲ, ಘಟ್ಟದ ನೀರು. ಗ್ಯಾಸ್ ಟರ್ಬೈನನ್ನು ಶುರುವಿನಲ್ಲಿ ತಿರುಗಿಸಲು ಹೊರಗಿನ ಕರೆಂಟ್ ಅಥವಾ ಡೀಸೆಲ್ ಬೇಕು. ನೀರಿನ ಯಂತ್ರಕ್ಕೆ ಗೇಟು ತೆರೆಯುವಷ್ಟಿದ್ದರೆ ಸಾಕು. ಅಲ್ಲಿಂದ ಟ್ರಾಂಬೆಗೆ ಕರೆಂಟ್ ತಂದು, ಅಲ್ಲಿನ ಯಂತ್ರ ಎಬ್ಬಿಸಿ, ರೈಲ್ವೆಗೆ, ಆಸ್ಪತ್ರೆಗೆ ಅಂತ ಒಂದೊಂದಾಗಿ ಕೊಡುತ್ತಾ ಬರಬೇಕು. ಒಂದೇ ಸಲ ಜಾಸ್ತಿ ಲೋಡ್ ಹಾಕಿದರೆ ಮತ್ತೆ ಬೀಳುತ್ತದೆ. ಆ ಗಂಟೆಗಳಲ್ಲಿ ಹೊರಗೆ ಜನ ಬೈಯುವುದು ನಮಗೆ ಗೊತ್ತಿರುತ್ತದೆ. ಅವಸರ ಮಾಡಲು ಮಾತ್ರ ಆಗಲ್ಲ.

ಇನ್ನು ಗ್ಯಾಸಿನ ಬೆಲೆ. ಇದೇ ಈ ಘಟಕದ ನಿಜವಾದ ದೌರ್ಬಲ್ಯ, ಮೀಟಿಂಗಿನಲ್ಲಿ ಜನ ಗಲಾಟೆ ಮಾಡಬೇಕಾದರೆ ಇದರ ಮೇಲೆ ಮಾಡಬೇಕು. ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ 0.2 ಘನ ಮೀಟರ್ ಗ್ಯಾಸ್ ಬೇಕು. 180 ಮೆಗಾವಾಟ್ ಇಡೀ ದಿನ ಓಡಿದರೆ 43 ಲಕ್ಷ ಯೂನಿಟ್, ಅದಕ್ಕೆ ಎಂಟೊಂಬತ್ತು ಲಕ್ಷ ಘನ ಮೀಟರ್ ಗ್ಯಾಸ್. ಸಮುದ್ರದೊಳಗಿನ ಮುಂಬೈ ಹೈನಂಥ ಹಳೆಯ ಬಾವಿಗಳ ದೇಶೀ ಗ್ಯಾಸಿಗೆ ಸರ್ಕಾರ 2023ರ ಏಪ್ರಿಲಿನಿಂದ ಒಂದು ಲೆಕ್ಕ ಇಟ್ಟಿದೆ. ಕಚ್ಚಾ ತೈಲದ ಬೆಲೆಯ ಶೇಕಡ 10, ಆದರೆ ಹತ್ತು ಲಕ್ಷ ಬಿಟಿಯುಗೆ (ಗ್ಯಾಸಿನ ಶಾಖ ಅಳೆಯುವ ಮಾನ) 4 ಡಾಲರಿಗಿಂತ ಕೆಳಗಿಲ್ಲ, ಮೊದಲ ಎರಡು ವರ್ಷ 6.5 ಡಾಲರಿಗಿಂತ ಮೇಲಿಲ್ಲ. ಮೇಲಿನ ಮಿತಿ ಎರಡು ವರ್ಷದ ನಂತರ ವರ್ಷಕ್ಕೆ ಕಾಲು ಡಾಲರ್ ಏರುತ್ತದೆ. ಈ ಬೆಲೆಯಲ್ಲಿ ಯೂನಿಟ್ಟಿಗೆ ಇಂಧನದ ಖರ್ಚೇ ನಾಲ್ಕೂವರೆ ರೂಪಾಯಿ ಆಸುಪಾಸು. ಹಡಗಿನಲ್ಲಿ ಬರುವ ಎಲ್‌ಎನ್‌ಜಿ (ತಣಿಸಿ ದ್ರವ ಮಾಡಿದ ಗ್ಯಾಸ್) 12 ಡಾಲರ್ ಆದರೆ ಎಂಟು ರೂಪಾಯಿ ದಾಟುತ್ತದೆ. ಯುಕ್ರೇನ್ ಯುದ್ಧ ಶುರುವಾದ 2022ರಲ್ಲಿ ಅದು 30 ಡಾಲರನ್ನೂ ಮೀರಿತ್ತು. ಆ ಬೆಲೆಯಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿ. ಅಷ್ಟು ಕೊಟ್ಟು ಯಾರೂ ಓಡಿಸಲ್ಲ, ಓಡಿಸಲೂಬಾರದು.

ದೇಶದಲ್ಲಿ 20,000 ಮೆಗಾವಾಟಿಗಿಂತ ಹೆಚ್ಚು ಗ್ಯಾಸ್ ಸ್ಥಾವರಗಳಿವೆ, ಬಹುಪಾಲು ಹೊತ್ತು ಸುಮ್ಮನೆ ನಿಂತಿರುತ್ತವೆ. ಮಹಾರಾಷ್ಟ್ರದಲ್ಲೇ ನೋಡಿ, ಗುಹಾಗರ್ ಹತ್ತಿರದ ದಾಭೋಳ್ ಸ್ಥಾವರ 1,967 ಮೆಗಾವಾಟಿನದ್ದು. ಅದನ್ನು ಕಟ್ಟಿಸಿದ ಅಮೆರಿಕದ ಎನ್ರಾನ್ ಕಂಪನಿಯ ಕಾಲದ ಜಗಳ ನಿಮ್ಮ ತಂದೆಯವರಿಗೆ ನೆನಪಿರಬಹುದು. ಖಾಡಿಯ ಆಚೆ ಉರಣದಲ್ಲಿ 672 ಮೆಗಾವಾಟಿನ ಸರ್ಕಾರಿ ಗ್ಯಾಸ್ ಸ್ಥಾವರ ಇದೆ, ಅದಕ್ಕೂ ಬೇಕಾದಷ್ಟು ಗ್ಯಾಸ್ ಸಿಗಲ್ಲ. 2024ರ ಮೇ, ಜೂನ್ ತಿಂಗಳಲ್ಲಿ ಬೇಸಿಗೆ ದಾಟಿಸಲು ಕೇಂದ್ರ ಸರ್ಕಾರ ವಿಶೇಷ ಆದೇಶ ಹೊರಡಿಸಿ ನಿಂತ ಗ್ಯಾಸ್ ಸ್ಥಾವರಗಳನ್ನು ಎಬ್ಬಿಸಬೇಕಾಯಿತು. ಇವುಗಳ ಪಾಡು ಈಗ ಇದೇ. ವರ್ಷದ ಬಹುಪಾಲು ಯಾರಿಗೂ ಬೇಡ, ಕೆಲವು ಸಂಜೆ ಎಲ್ಲರಿಗೂ ಬೇಕು. ನಿಮ್ಮ ಹೋಟೆಲಿನಲ್ಲಿ ಹಬ್ಬದ ದಿನಗಳಿಗೆ ಅಂತ ಒಬ್ಬ ಬದಲಿ ದೋಸೆ ಭಟ್ಟರನ್ನು ಇಟ್ಟುಕೊಂಡ ಹಾಗೆ. ಕೆಲಸ ಇಲ್ಲದ ದಿನವೂ ಊಟ, ಸಂಬಳ ಕೊಡಲೇಬೇಕು. ಅವರು ಎಷ್ಟು ದೋಸೆ ಹೊಯ್ದರು ಅಂತ ವರ್ಷದ ಕೊನೆಗೆ ಎಣಿಸಿದರೆ ಯಾವತ್ತೂ ನಷ್ಟವೇ ಕಾಣುತ್ತದೆ.

‘ಆ ಗ್ಯಾಸ್ ನಮ್ಮ ಅಡುಗೆಮನೆಗೆ ಕೊಡಿ’ ಅಂದಿರಿ. ಅಗ್ಗದ ದೇಶೀ ಗ್ಯಾಸಿನಲ್ಲಿ ಮೊದಲ ಪಾಲು ಈಗಾಗಲೇ ಮನೆಗಳ ಪೈಪ್ ಗ್ಯಾಸಿಗೆ ಮತ್ತು ರಿಕ್ಷಾ, ಟ್ಯಾಕ್ಸಿಯ ಸಿಎನ್‌ಜಿಗೆ ಹೋಗುತ್ತದೆ. ಹೋಟೆಲ್ ಕಮರ್ಷಿಯಲ್ ಲೆಕ್ಕ. ನಿಮಗೆ ಆ ಆದ್ಯತೆ ಇಲ್ಲ. ನಿಮ್ಮ ಒಲೆಯ ಗ್ಯಾಸಿನ ದರ ಹೆಚ್ಚಾಗಿ ಹಡಗಿನ ಗ್ಯಾಸಿನ ದರದ ಜೊತೆಗೇ ಏರಿಳಿಯುತ್ತದೆ. ಟ್ರಾಂಬೆಯ ಘಟಕ ನಾಳೆ ಮುಚ್ಚಿದರೂ ಅದರ ಗ್ಯಾಸ್ ನಿಮ್ಮ ಒಲೆಗೆ ಅಗ್ಗದ ಬೆಲೆಯಲ್ಲಿ ಬರುವುದಿಲ್ಲ. ಸಾಲಿನಲ್ಲಿ ನಿಮಗಿಂತ ಮುಂದೆ ಬೇರೆಯವರಿದ್ದಾರೆ.

ಸ್ಫೋಟದ ಭಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ಯಾಸ್ ಪೈಪಿನಲ್ಲಿ ಬರುತ್ತದೆ, ಬಂದ ಹಾಗೆ ಉರಿಯುತ್ತದೆ. ಘಟಕದಲ್ಲಿ ದೊಡ್ಡ ಟ್ಯಾಂಕು ತುಂಬಿಟ್ಟುಕೊಳ್ಳುವುದಿಲ್ಲ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲೆ ಹೋಗುತ್ತದೆ, ನಿಮ್ಮ ಎಲ್‌ಪಿಜಿ ಸಿಲಿಂಡರಿನ ಹಾಗೆ ನೆಲದಲ್ಲಿ ಕೂರಲ್ಲ. ಅಪಾಯ ಸೊನ್ನೆ ಅಲ್ಲ, ಆದರೆ ಮಾಹುಲ್, ಚೆಂಬೂರಿನ ಆಸುಪಾಸಿನಲ್ಲಿ ರಿಫೈನರಿಗಳು, ಗೊಬ್ಬರದ ಕಾರ್ಖಾನೆ, ತೈಲದ ಟ್ಯಾಂಕುಗಳು ಇರುವಾಗ ಭಯಪಡಬೇಕಾದ ಪಟ್ಟಿಯಲ್ಲಿ ನಾನು ಇದನ್ನು ಕೆಳಗೆ ಹಾಕುತ್ತೇನೆ. ಹೊಗೆಯ ವಿಷಯದಲ್ಲೂ ಹಾಗೇ. ಇದರಲ್ಲಿ ಬೂದಿ ಇಲ್ಲ, ಗಂಧಕದ ಹೊಗೆ ಇಲ್ಲದಷ್ಟು ಕಮ್ಮಿ, ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿನ ಅರ್ಧದಷ್ಟು. ಸಾರಜನಕದ ಆಕ್ಸೈಡುಗಳು ಮಾತ್ರ ಇರುತ್ತವೆ, ಅವು ಒಳ್ಳೆಯವಲ್ಲ. ಟ್ರಾಂಬೆಯಲ್ಲಿ ಏನಾದರೂ ಮುಚ್ಚಬೇಕು ಅಂತ ಸೊಸೈಟಿಯವರು ಅರ್ಜಿ ಬರೆಯುವುದಾದರೆ, ಗ್ಯಾಸಿನಿಂದ ಶುರು ಮಾಡುವುದು ತಲೆಕೆಳಗಿನ ಕೆಲಸ.

ಹಾಗಾದರೆ ಮುಂದೇನು? ಒಂದು ದಾರಿ, ಘಟಕ ಮುಚ್ಚಿ ಲೈನುಗಳನ್ನೇ ನಂಬುವುದು. ಖಾರ್‌ಘರ್-ವಿಕ್ರೋಳಿ ಲೈನ್, 1,000 ಮೆಗಾವಾಟಿನ ಕುಡುಸ್-ಆರೆ ಎಚ್‌ವಿಡಿಸಿ (ಡಿಸಿ ಕರೆಂಟ್ ಸಾಗಿಸುವ ಹೈ ವೋಲ್ಟೇಜ್ ಲೈನ್) ಯೋಜನೆ, ಇವುಗಳ ಬಲದಿಂದ ಹೊರಗಿನ ಅಗ್ಗದ ಕರೆಂಟ್ ಜಾಸ್ತಿ ತರಬಹುದು. ಬಿಲ್ಲಿಗೆ ಒಳ್ಳೆಯದು. ಆದರೆ ಲೈನುಗಳು ಜಾಸ್ತಿಯಾದಷ್ಟೂ ಊರು ಹೊರಗಿನ ಮೇಲೆ ಜಾಸ್ತಿ ನಿಲ್ಲುತ್ತದೆ. ಅಕ್ಟೋಬರ್ 12ರಂದು ಕೈಕೊಟ್ಟದ್ದೂ ಲೈನುಗಳೇ ಅಲ್ವಾ?

ಇನ್ನೊಂದು ದಾರಿ, ಸಂಗ್ರಹ. ಬ್ಯಾಟರಿ ಗ್ಯಾಸ್ ಟರ್ಬೈನಿಗಿಂತ ಎಷ್ಟೋ ಪಾಲು ಚುರುಕು, ಫ್ರೀಕ್ವೆನ್ಸಿ ಜಾರುವ ಮೊದಲೇ ಹಿಡಿಯುತ್ತದೆ. ಮಧ್ಯಾಹ್ನದ ಸೋಲಾರ್ ತುಂಬಿಕೊಂಡು ರಾತ್ರಿ ಏಳರಿಂದ ಹತ್ತರವರೆಗೆ ಕೊಡಬಹುದು. ಆದರೆ ಎರಡು ಗಂಟೆ, ನಾಲ್ಕು ಗಂಟೆ ಆದ ಮೇಲೆ ಖಾಲಿ. ಜುಲೈಯಲ್ಲಿ ವಾರಗಟ್ಟಲೆ ಮೋಡ ಕವಿದಾಗ ಅದನ್ನು ತುಂಬಿಸುವುದಕ್ಕೂ ಎಲ್ಲಿಂದಲೋ ಕರೆಂಟ್ ಬರಬೇಕು. ದೊಡ್ಡದು ಬೇಕಾದರೆ ಪಂಪ್ಡ್ ಸ್ಟೋರೇಜ್, ಅಂದರೆ ಕರೆಂಟ್ ಅಗ್ಗ ಇರುವಾಗ ನೀರನ್ನು ಮೇಲಕ್ಕೆ ಎತ್ತಿ, ಬೇಕಾದಾಗ ಕೆಳಕ್ಕೆ ಬಿಡುವುದು. ಭಿರಾದಲ್ಲಿ 150 ಮೆಗಾವಾಟಿನದ್ದು ಆಗಲೇ ಇದೆ. ಭಿವಪುರಿಯಲ್ಲಿ 1,000 ಮತ್ತು ಶಿರವಟಾದಲ್ಲಿ 1,800 ಮೆಗಾವಾಟಿನದ್ದಕ್ಕೆ 2023ರಲ್ಲಿ ಮಹಾರಾಷ್ಟ್ರ ಸರ್ಕಾರದ ಜೊತೆ ಒಪ್ಪಂದ ಆಗಿದೆ. ಅವು ಎದ್ದು ನಿಂತರೆ ಟ್ರಾಂಬೆಯ 180ರ ಕೆಲಸ ಬಹಳ ಮಟ್ಟಿಗೆ ಮುಗಿದ ಹಾಗೆ. ಬೆಟ್ಟ ಕೊರೆಯುವ ಯೋಜನೆಗಳು ಹೇಳಿದ ವರ್ಷಕ್ಕೆ ಮುಗಿಯುವುದು ಅಪರೂಪ ಅನ್ನುವುದೊಂದೇ ನನ್ನ ಅನುಮಾನ.

ನನ್ನ ಅಭಿಪ್ರಾಯ ಕೇಳಿದರೆ, ಅಲ್ಲಿಯವರೆಗೆ ಇಟ್ಟುಕೊಳ್ಳಬೇಕು. ಆದರೆ ಯೂನಿಟ್ ಲೆಕ್ಕದಲ್ಲಿ ದುಡಿಸಲು ಅಲ್ಲ. ದೇಶೀ ಗ್ಯಾಸ್ ಸಿಕ್ಕಷ್ಟನ್ನು ಲೈನ್ ತುಂಬುವ ಗಂಟೆಗಳಿಗೆ, ಸೂರ್ಯ ಮುಳುಗುವ ಹೊತ್ತಿಗೆ ಮೀಸಲಿಡಬೇಕು. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಯೂನಿಟ್ಟಿಗೆ 10 ರೂಪಾಯಿಯ ಮೇಲ್ಮಿತಿ ಮುಟ್ಟುವ ಸಂಜೆಗಳಿರುತ್ತವೆ, ಆಗ ನಾಲ್ಕೂವರೆಯದ್ದು ಅಗ್ಗ. 1990ರ ದಶಕದ ಯಂತ್ರ, ಮುಂದೆ ದೊಡ್ಡ ರಿಪೇರಿಗೆ ಹಣ ಕೇಳುತ್ತದೆ. ಆಗ ಕುರುಡಾಗಿ ಒಪ್ಪಬಾರದು. ದರ ನಿಗದಿ ಮಾಡುವ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ದರ ಏರಿಸುವ ಮೊದಲು ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ. ಹೋಟೆಲ್ ಮಾಲೀಕರ ಸಂಘದಿಂದ ಅಲ್ಲಿಗೆ ಹೋಗಿ ಕೇಳಬೇಕಾದ ಪ್ರಶ್ನೆ ‘ಯಾಕೆ ಮುಚ್ಚಲಿಲ್ಲ’ ಅನ್ನುವುದಲ್ಲ. ಕಳೆದ ವರ್ಷ ಈ ಘಟಕ ಯಾವ ಯಾವ ಗಂಟೆ ಓಡಿತು, ಆ ಗಂಟೆಗಳಲ್ಲಿ ಹೊರಗಿನ ಕರೆಂಟ್ ಎಷ್ಟಕ್ಕೆ ಸಿಗುತ್ತಿತ್ತು, ಲೈನಿನಲ್ಲಿ ಜಾಗ ಇತ್ತಾ ಇಲ್ಲವಾ. ಈ ಮೂರಕ್ಕೆ ಉತ್ತರ ಕೊಡಲು ಅವರ ಹತ್ತಿರ ಹದಿನೈದು ಹದಿನೈದು ನಿಮಿಷದ ದಾಖಲೆ ಇರುತ್ತದೆ.

ಕೊನೆಗೆ ನಿಮ್ಮ ಜನರೇಟರ್. ಒಂದು ಲೀಟರ್ ಡೀಸೆಲಿಗೆ ಮೂರು, ಮೂರೂಕಾಲು ಯೂನಿಟ್ ಸಿಗುತ್ತದೆ. ಡೀಸೆಲ್ 90 ರೂಪಾಯಿ ಅಂದರೂ ಯೂನಿಟ್ಟಿಗೆ 28ರಿಂದ 30 ರೂಪಾಯಿ. ಟ್ರಾಂಬೆ ದುಬಾರಿ ಅಂತ ಇಷ್ಟು ಉದ್ದ ಪತ್ರ ಬರೆದವರು ಇದನ್ನು ಕೊಂಡರೆ ನನಗೆ ನಗು ಬರುತ್ತದೆ. ತಿಂಗಳಿಗೆ ಎರಡು ಮೂರು ಸಲ, ಒಂದೊಂದು ಗಂಟೆ ಹೋಗುವುದಕ್ಕೆ ಅದು ಬೇಡ. ಡೀಪ್ ಫ್ರೀಜರ್ ಬಾಗಿಲು ತೆರೆಯದಿದ್ದರೆ ಒಂದೆರಡು ಗಂಟೆ ಏನೂ ಆಗಲ್ಲ, ಹುಡುಗರಿಗೆ ಹೇಳಿಡಿ. ಲೈಟು, ಫ್ಯಾನು, ಬಿಲ್ಲಿಂಗ್ ಮೆಷಿನ್ನಿಗೆ ಇನ್ವರ್ಟರ್ ಸಾಕು. ಎರಡು ಎಚ್‌ಪಿ ಗ್ರೈಂಡರ್ ಅಂದರೆ ಒಂದೂವರೆ ಕಿಲೋವಾಟ್, ಆದರೆ ಶುರುವಾಗುವಾಗ ಅದರ ಕೆಲವು ಪಟ್ಟು ಎಳೆಯುತ್ತದೆ. ಸಣ್ಣ ಇನ್ವರ್ಟರ್ ತಡೆಯಲ್ಲ. ರುಬ್ಬುವುದನ್ನು ಮೂರರ ಬದಲು ಹನ್ನೊಂದಕ್ಕೆ ಮುಗಿಸಿ ಅನ್ನೋಣವೆಂದರೆ ಮುಂಬೈ ಸೆಖೆಗೆ ಹಿಟ್ಟು ರಾತ್ರಿಯೇ ಹುಳಿ ಬರುತ್ತದೆ. ಅದು ನನಗಿಂತ ನಿಮಗೆ ಗೊತ್ತು.

ಟೆರೇಸಿನಲ್ಲಿ ಸೋಲಾರ್ ಹಾಕುವುದಕ್ಕೆ ನಾನು ಅಡ್ಡ ಹೇಳಲ್ಲ, ಹಾಕಿ, ಬಿಲ್ ಇಳಿಯುತ್ತದೆ. ಆದರೆ ಒಂದು ವಿಷಯ ಮೀಟಿಂಗಿನಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ಬ್ಯಾಟರಿ ಇಲ್ಲದ ಸಾಮಾನ್ಯ ಸೋಲಾರ್, ಗ್ರಿಡ್ ಕರೆಂಟ್ ಹೋದ ಕೂಡಲೇ ತಾನೂ ಆಫ್ ಆಗುತ್ತದೆ, ಮಟಮಟ ಮಧ್ಯಾಹ್ನ ಆದರೂ. ಕೇಬಲ್ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಕರೆಂಟ್ ಹೋದಾಗಲೂ ಓಡಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಕೇಳಿ. ಕೊಟೇಶನ್ ತೆಗೆದುಕೊಳ್ಳುವಾಗ ಗ್ರೈಂಡರ್ ಮೋಟಾರಿನ ತಗಡಿನ ಮೇಲೆ ಬರೆದಿರುವ ಆಂಪಿಯರ್ ಅಂಕಿಯನ್ನು ಫೋಟೊ ತೆಗೆದು ಅವರಿಗೆ ಕಳಿಸಿ, ಅದನ್ನು ಶುರು ಮಾಡುವಷ್ಟು ಬಲ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ.